ಟ್ರೇಲರ್‌ನಲ್ಲಿ ಬೆಕ್ಕುಗಳ ಜೊತೆ ಕೊಲರಾಡೋಗೆ: ಹೊರಡುವ ಮೊದಲು ಏನೇನು ಮಾಡಿಕೊಳ್ಳಬೇಕು?

ಪ್ರಶ್ನೆ: ನಾವು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದೇವೆ. ಜೂನ್‌ನಲ್ಲಿ 24 ಅಡಿಯ ವಾಸದ ಟ್ರೇಲರನ್ನು ಪಿಕಪ್‌ಗೆ ಕಟ್ಟಿಕೊಂಡು ಎರಡು ವಾರ ಕೊಲರಾಡೋ ಕಡೆ ಹೋಗುವ ಯೋಚನೆ ಇದೆ. ನಮ್ಮ ಎರಡು ಬೆಕ್ಕುಗಳೂ (ಆರು ವರ್ಷದ ಗಂಡು, ಮೂರು ವರ್ಷದ ಹೆಣ್ಣು) ಮನೆ ಬಿಟ್ಟು ಹೊರಗೆ ಬಂದವಲ್ಲ. ಅವನ್ನು ಟ್ರೇಲರ್‌ನಲ್ಲೇ ಬಿಟ್ಟು ಗಾಡಿ ಓಡಿಸಬಹುದೇ? ನಾವು ಸುತ್ತಾಡಲು ಹೋದಾಗ ಒಳಗೆ ಬಿಟ್ಟು ಹೋಗಬಹುದೇ? ಏನೇನು ತಯಾರಿ ಬೇಕು?

ಉತ್ತರ: ಗಾಡಿ ಓಡುವಾಗ ಬೆಕ್ಕುಗಳನ್ನು ಟ್ರೇಲರ್‌ನಲ್ಲಿ ಬಿಡಲೇಬೇಡಿ. ನಿಂತ ಮೇಲೆ ಒಳಗೆ ಬಿಟ್ಟು ಹೋಗಬಹುದು, ಆದರೆ ಕರೆಂಟು ಹೋದರೂ ಒಳಗೆ ಸೆಕೆ ಏರದಂಥ ಊರಿನಲ್ಲಿ ಮಾತ್ರ. ತಯಾರಿ ಎಂದರೆ ಹೆಚ್ಚಿನವರು ಬೆಕ್ಕನ್ನು ಪಳಗಿಸುವುದರಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ಸಿದ್ಧವಾಗಬೇಕಾದದ್ದು ಟ್ರೇಲರ್. ಬೆಕ್ಕು ತಪ್ಪಿಸಿಕೊಳ್ಳುವುದು, ಸಿಕ್ಕಿಹಾಕಿಕೊಳ್ಳುವುದು ಹೆದ್ದಾರಿಯಲ್ಲಲ್ಲ; ಜಾಗಕ್ಕೆ ಬಂದು ಟ್ರೇಲರ್ ನಿಲ್ಲಿಸುವ ಅರ್ಧ ಗಂಟೆಯಲ್ಲಿ ಮತ್ತು ಎಲ್ಲ ಕಟ್ಟಿ ಹೊರಡುವ ಅರ್ಧ ಗಂಟೆಯಲ್ಲಿ.

ಓಡುವ ಟ್ರೇಲರ್ ಏಕೆ ಬೇಡ ಎಂದರೆ, ಚಾವಣಿಯ ಏಸಿ ನಡೆಯುವುದು ಟ್ರೇಲರ್ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡ್‌ನ 120 ವೋಲ್ಟ್ ಕರೆಂಟಿನಿಂದ. ರಸ್ತೆಯಲ್ಲಿ ಅದು ಸತ್ತಂತೆಯೇ. ಬಿಸಿಲಿಗೆ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ. ಟೆಕ್ಸಸ್‌ನ ಜೂನ್ ಬಿಸಿಲಿನಲ್ಲಿ ಮುಚ್ಚಿದ ಟ್ರೇಲರ್ ಕೂಡ ಬೇಗನೆ ಕಾಯುತ್ತದೆ. ಜೊತೆಗೆ ಕುಲುಕಾಟಕ್ಕೆ ಕಪಾಟಿನ ಬಾಗಿಲು ತೆರೆದುಕೊಂಡು ಪಾತ್ರೆಗಳು ಬೀಳುತ್ತವೆ, ಹೆದರಿದ ಬೆಕ್ಕು ಹೋಗಬಾರದ ಸಂದಿಗೆ ನುಗ್ಗುತ್ತದೆ, ಮುಂದೆ ಕೂತ ನಿಮಗೆ ಯಾವುದೂ ಗೊತ್ತಾಗುವುದಿಲ್ಲ. ಬೆಕ್ಕುಗಳ ಜಾಗ ಪಿಕಪ್‌ನ ಹಿಂದಿನ ಸೀಟಿನ ಸಾಲು, ತಲಾ ಒಂದು ಕ್ಯಾರಿಯರ್‌ನಲ್ಲಿ (ಬೆಕ್ಕನ್ನು ಒಯ್ಯುವ ಪೆಟ್ಟಿಗೆ). ಮನೆಯಲ್ಲಿ ಎಷ್ಟೇ ಹೊಂದಿಕೊಂಡಿದ್ದರೂ ಒಂದೇ ಕ್ಯಾರಿಯರ್‌ಗೆ ಎರಡನ್ನೂ ಹಾಕಬೇಡಿ. ಗಾಬರಿಯಾದ ಬೆಕ್ಕು ಪಕ್ಕದಲ್ಲಿ ಸಿಕ್ಕಿದ್ದರ ಮೇಲೆ ಎರಗುತ್ತದೆ, ಆ ಮುನಿಸು ವಾರಗಟ್ಟಲೆ ಉಳಿಯಬಹುದು.

ಸಾಮಾನ್ಯ ಪ್ಲಾಸ್ಟಿಕ್ ಕ್ಯಾರಿಯರ್ ಆದರೆ ಅದನ್ನು ಮುಂದಿನ ಸೀಟಿನ ಹಿಂಭಾಗದ ನೆಲದ ಮೇಲೆ ಅಲುಗದಂತೆ ಕೂರಿಸಿ. ಸೀಟಿನ ಮೇಲಿಟ್ಟು ಬೆಲ್ಟ್ ಬಿಗಿದರೆ ಭದ್ರವಾಯಿತು ಎಂದು ತೋರುತ್ತದೆ, ಆದರೆ ಡಿಕ್ಕಿಯಾದಾಗ ಬೆಲ್ಟೇ ಪೆಟ್ಟಿಗೆಯನ್ನು ಹಿಸುಕುತ್ತದೆ. ಬೆಲ್ಟ್ ಹಾಕುವುದಾದರೆ ಸೆಂಟರ್ ಫಾರ್ ಪೆಟ್ ಸೇಫ್ಟಿಯವರ ಡಿಕ್ಕಿ ಪರೀಕ್ಷೆಯಲ್ಲಿ ಪಾಸಾದ ಕ್ಯಾರಿಯರ್ ಕೊಳ್ಳಿ. ಒಳಗೆ ಹೀರುವ ಪ್ಯಾಡುಗಳನ್ನು ಮೂರು ನಾಲ್ಕು ಪದರ ಹಾಸಿಟ್ಟರೆ, ಒದ್ದೆಯಾದಾಗ ಮೇಲಿನದನ್ನು ಮಾತ್ರ ಎಳೆದರಾಯಿತು. ಮೂರು ಬದಿಗೆ ತೆಳು ಬಟ್ಟೆ ಹೊದಿಸಿ, ಏಸಿ ಗಾಳಿ ಬರುವ ಬದಿಯನ್ನು ತೆರೆದಿಡಿ.

ಈಗ ಟ್ರೇಲರ್‌ಗೆ ಬರೋಣ. ಒಂದು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ, ಬೆಕ್ಕಿನ ಎತ್ತರದಿಂದ ನೋಡಿ. ಸಿಂಕಿನ ಕೆಳಗಿನ ಕಪಾಟು ತೆಗೆದರೆ ಪೈಪುಗಳು ನೆಲದೊಳಗೆ ಇಳಿಯುವ ಕಡೆ ಬೇಕಾದ್ದಕ್ಕಿಂತ ದೊಡ್ಡದಾಗಿ ಒರಟೊರಟಾಗಿ ಕೊರೆದ ತೂತು ಕಾಣಿಸುತ್ತದೆ. ಕಾರ್ಖಾನೆಯಲ್ಲಿ ಅದನ್ನು ಮುಚ್ಚುವ ಗೋಜಿಗೆ ಹೆಚ್ಚಾಗಿ ಹೋಗುವುದಿಲ್ಲ. ಅದರೊಳಗೆ ಇಳಿದ ಬೆಕ್ಕು ಟ್ರೇಲರ್ ಬೆಚ್ಚಗಿಡುವ ಫರ್ನೇಸ್ ಹಿಂದಕ್ಕೋ, ಟ್ಯಾಂಕುಗಳ ಕೆಳಗಿನ ತೆಳು ಪ್ಲಾಸ್ಟಿಕ್ ಹಾಳೆಯ ಮೇಲಕ್ಕೋ ಸೇರುತ್ತದೆ. ಅಲ್ಲಿಂದ ಹೊರತೆಗೆಯಲು ಹಾಳೆಯನ್ನೇ ಬಿಚ್ಚಬೇಕಾದೀತು. ಇಂಥದ್ದೇ ತೂತುಗಳು ವಾಟರ್ ಪಂಪ್ ಇರುವ ಗೂಡಿನಲ್ಲಿ, ಊಟದ ಬೆಂಚಿನ ಒಳಗೆ, ಹಾಸಿಗೆಯ ಹಲಗೆಯ ಕೆಳಗೆ, ಶವರ್ ತೊಟ್ಟಿಯ ಬದಿಯಲ್ಲಿ ಇರುತ್ತವೆ. ಡ್ರಾಯರುಗಳನ್ನು ಪೂರ್ತಿ ಹೊರಗೆಳೆದು ಹಿಂದೆ ನೋಡಿ. ಡ್ರಾಯರಿನ ಹಿಂಬದಿಯ ಖಾಲಿ ಜಾಗ ಒಂದು ಕಪಾಟಿನಿಂದ ಇನ್ನೊಂದಕ್ಕೆ ದಾರಿಯಾಗಿರುತ್ತದೆ, ಬೆಕ್ಕು ಹಿಂದೆ ಕೂತಿದ್ದಾಗ ಡ್ರಾಯರ್ ತಳ್ಳಿದರೆ ಅದಕ್ಕೆ ಪೆಟ್ಟು.

ಎರಡು ಇಂಚಿಗಿಂತ ಅಗಲವಾದ ಯಾವ ಸಂದನ್ನೂ ಹಾಗೇ ಬಿಡಬೇಡಿ. ಮುಚ್ಚಲು ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಲರಿ ಒಳ್ಳೆಯದು. ತೂತಿಗಿಂತ ಸುತ್ತಲೂ ಎರಡು ಇಂಚು ಹೆಚ್ಚಿಗೆ ಕತ್ತರಿಸಿ, ಚೂಪು ಅಂಚುಗಳನ್ನು ಒಳಕ್ಕೆ ಮಡಚಿ, ಅಗಲ ವಾಷರ್ ಹಾಕಿ ಮುಕ್ಕಾಲು ಇಂಚಿನ ಸ್ಕ್ರೂಗಳಿಂದ ಬಿಗಿಯಿರಿ. ಸ್ಕ್ರೂ ಹಾಕುವ ಮೊದಲು ಹಲಗೆಯ ಹಿಂದೆ ನೀರಿನ ಪೈಪು, ವೈರು ಇಲ್ಲವೆಂದು ಕೈಯಾಡಿಸಿ ನೋಡಿ. ಪೈಪಿನ ಸುತ್ತ ಉಳಿಯುವ ಚಿಕ್ಕ ಸಂದಿಗೆ ತಾಮ್ರದ ಜಾಲರಿ ತುರುಕಿ. ಉಕ್ಕಿನ ನಾರು (ಸ್ಟೀಲ್ ವೂಲ್) ಬೇಡ, ಅದು ಒದ್ದೆಯಾಗಿ ತುಕ್ಕು ಹಿಡಿಯುತ್ತದೆ. ಫರ್ನೇಸ್ ಸುತ್ತ ಮತ್ತು ಗ್ಯಾಸ್ ಪೈಪಿನ ಬಳಿ ಸ್ಪ್ರೇ ಫೋಮ್ ಬಳಸಲೇಬಾರದು. ಫರ್ನೇಸ್ ಗಾಳಿ ಎಳೆದುಕೊಳ್ಳುವ ಕಿಂಡಿಗೆ ಜಾಲರಿ ಹಾಕಬಹುದು, ಮುಚ್ಚುವಂತಿಲ್ಲ. ಗಾಳಿ ಸಾಲದಿದ್ದರೆ ಅದು ಅತಿಯಾಗಿ ಕಾದು ತಾನೇ ನಿಲ್ಲುತ್ತದೆ. ನೆಲದಲ್ಲಿ ಬಿಸಿಗಾಳಿ ಬರುವ ಕಿಂಡಿಗಳಿದ್ದರೆ ಅವುಗಳ ಮುಚ್ಚಳದ ಕೆಳಗೂ ಜಾಲರಿಯ ತುಂಡು ಇಡಿ. ಇಲ್ಲದಿದ್ದರೆ ಬೆಕ್ಕಿನ ಶೌಚಕ್ಕೆ ಹಾಕುವ ಲಿಟರ್ ಕಾಳೆಲ್ಲ ಕೊಳವೆಯೊಳಗೆ ಸೇರುತ್ತದೆ.

ಸ್ಲೈಡ್‌ಔಟ್, ಅಂದರೆ ನಿಂತ ಮೇಲೆ ಮೋಟರಿನಿಂದ ಹೊರಕ್ಕೆ ಚಾಚುವ ಗೋಡೆಯ ಭಾಗದ ಬಗ್ಗೆ ಹೇಳುವುದು ಒಂದೇ ಮಾತು, ಆದರೆ ಇಡೀ ಉತ್ತರದಲ್ಲಿ ಅತಿ ಮುಖ್ಯವಾದದ್ದು. ಎರಡೂ ಬೆಕ್ಕುಗಳು ಕ್ಯಾರಿಯರ್ ಒಳಗಿರುವುದನ್ನು ಕಣ್ಣಾರೆ ನೋಡದೆ ಸ್ಲೈಡಿನ ಸ್ವಿಚ್ ಮುಟ್ಟಬಾರದು. ಹೊರಗೆ ಚಾಚುವಾಗಲೂ ಅಷ್ಟೇ, ಒಳಗೆ ಎಳೆಯುವಾಗಲೂ ಅಷ್ಟೇ. ಸ್ಲೈಡ್ ಹೊರಗಿದ್ದಾಗ ಅದರ ಬದಿಯಲ್ಲೂ ಅಡಿಯಲ್ಲೂ ಉಂಟಾಗುವ ಕತ್ತಲ ಗೂಡು ಬೆಕ್ಕಿಗೆ ಹೇಳಿ ಮಾಡಿಸಿದ ಅಡಗುತಾಣ, ಮತ್ತು ಆ ಮೋಟರಿಗೆ ಬೆಕ್ಕಿನ ಮೈ ಅಡ್ಡಿಯೇ ಅಲ್ಲ. ಮಕ್ಕಳಿದ್ದರೆ ಸ್ವಿಚ್ಚಿನ ಮೇಲೆ ಮುಚ್ಚಳ ಹಾಕಿಸಿ.

ಬಾಗಿಲಿನ ಜಾಲರಿಯನ್ನು ನಂಬಬೇಡಿ. ಟ್ರೇಲರ್ ಜೊತೆ ಬರುವ ಜಾಲರಿ ಉಗುರಿಗೆ ಹರಿಯುತ್ತದೆ; ಚಿಲಕ ತೆಗೆಯಲು ಕೈ ತೂರಿಸುವ ಜಾರುಫಲಕವನ್ನು ಬೆಕ್ಕು ತಳ್ಳುವುದು ಬೇಗ ಕಲಿಯುತ್ತದೆ. ಸಾಕುಪ್ರಾಣಿಗಳಿಗೆಂದೇ ಸಿಗುವ ದಪ್ಪ ಪಾಲಿಯೆಸ್ಟರ್ ಜಾಲರಿಯನ್ನು ಬಾಗಿಲಿಗೂ ತೆರೆಯುವ ಕಿಟಕಿಗಳಿಗೂ ಹಾಕಿಸಿ. ಅದನ್ನು ಹಿಡಿದಿಡುವ ರಬ್ಬರ್ ಹುರಿಯ ದಪ್ಪ ಗಾಡಿಯಿಂದ ಗಾಡಿಗೆ ಬೇರೆ, ಹಳೆಯ ತುಂಡನ್ನು ಅಂಗಡಿಗೆ ಒಯ್ಯುವುದು ಲೇಸು. ಚಾವಣಿಯ 14 ಇಂಚಿನ ಗಾಳಿಕಿಂಡಿಯನ್ನೂ ಮರೆಯಬೇಡಿ: ಫ್ರಿಜ್ ಮೇಲೆ ಹತ್ತಿದ ಬೆಕ್ಕಿಗೆ ಅದು ಎಟಕುತ್ತದೆ. ಬಾಗಿಲ ಒಳಗಡೆ ಎರಡನೆಯ ತಡೆ ಒಂದಿರಲಿ, ಎತ್ತರದ ಗೇಟ್ ಆದರೂ ಸರಿ. ಹೆದರಿದ ಬೆಕ್ಕಿಗೆ ಅದು ಗೋಡೆಯಲ್ಲ, ನಿಜ. ಆದರೂ ನಿಮಗೆ ಎರಡು ಸೆಕೆಂಡು ಸಿಗುತ್ತದೆ.

ಬೆಕ್ಕುಗಳನ್ನು ಪಳಗಿಸಲು ಆರು ವಾರ ಇಟ್ಟುಕೊಳ್ಳಿ. ಮೊದಲ ಎರಡು ವಾರ ಕ್ಯಾರಿಯರ್ ಮನೆಯ ನಡುವೆ ಬಾಗಿಲು ತೆಗೆದೇ ಇರಲಿ, ಊಟ ಅದರೊಳಗೇ. ಆಮೇಲೆ ನಿಂತ ಟ್ರೇಲರ್‌ನಲ್ಲಿ ದಿನಕ್ಕೊಂದು ಗಂಟೆ, ಅವುಗಳದೇ ಹಾಸು, ಬಟ್ಟಲು, ಬಳಸಿದ ಲಿಟರಿನ ಸ್ವಲ್ಪ ಭಾಗದ ಜೊತೆ. ನಿಮ್ಮ ಬಡಾವಣೆಯ ಸಂಘ ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡದಿದ್ದರೆ ಗಾಡಿ ಇಟ್ಟಿರುವ ಸ್ಟೋರೇಜ್‌ಗೇ ಹೋಗಿ ಮಾಡಿ, ಆದರೆ ಬೆಳಗಿನ ತಂಪಿನಲ್ಲಿ. ಹೀಗೆ ಮಾಡುತ್ತಲೇ ಪಿಕಪ್‌ನಲ್ಲಿ ಹತ್ತು ನಿಮಿಷ, ಅರ್ಧ ಗಂಟೆ, ಎರಡು ಗಂಟೆ ಎಂದು ಓಡಾಟ ಹೆಚ್ಚಿಸಿ. ಕೊನೆಯ ಪರೀಕ್ಷೆಯಾಗಿ ಡೆಂಟನ್ ಉತ್ತರಕ್ಕಿರುವ ರೇ ರಾಬರ್ಟ್ಸ್ ಕೆರೆಯ ಪಾರ್ಕಿನಲ್ಲಿ ಎರಡು ರಾತ್ರಿ ಇದ್ದು ಬನ್ನಿ. ಎರಡನೆಯ ಬೆಳಗ್ಗೆಯೂ ಬೆಕ್ಕು ತಿನ್ನದೆ, ಉಚ್ಚೆ ಹೊಯ್ಯದೆ ಮೂಲೆಯಲ್ಲೇ ಕೂತಿದ್ದರೆ ಆ ಬೆಕ್ಕನ್ನು ಮನೆಯಲ್ಲೇ ಬಿಟ್ಟು ನೋಡಿಕೊಳ್ಳುವವರನ್ನು ಗೊತ್ತುಮಾಡುವುದೇ ಅದಕ್ಕೆ ನೀವು ಮಾಡುವ ಉಪಕಾರ.

ದಾರಿಯಲ್ಲಿ ತುಂಬ ಕೂಗಿ ಜೊಲ್ಲು ಸುರಿಸುವ ಬೆಕ್ಕಿಗೆ ಗಾಬರಿ ತಗ್ಗಿಸುವ ಗ್ಯಾಬಪೆಂಟಿನ್ ಔಷಧಿ ಕೊಡುವುದು ಈಗ ರೂಢಿ. ಪ್ರಯಾಣಕ್ಕೆ ಎರಡು ಮೂರು ಗಂಟೆ ಮೊದಲು ಕೊಡುತ್ತಾರೆ. ಪ್ರಯಾಣದ ಗಾಬರಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದ ಪ್ರಿಗ್ಯಾಬಲಿನ್ ದ್ರಾವಣವೂ ಇದೆ. ಪ್ರಮಾಣವನ್ನು ನಿಮ್ಮ ಪಶುವೈದ್ಯರೇ ಹೇಳಬೇಕು, ಮೂತ್ರಪಿಂಡದ ತೊಂದರೆ ಇದ್ದರೆ ಕಡಿಮೆ ಮಾಡುತ್ತಾರೆ. ಮೊದಲ ಸಲ ಮನೆಯಲ್ಲೇ ಕೊಟ್ಟು ನೋಡಿ. ಕೆಲವು ಬೆಕ್ಕುಗಳು ತೂರಾಡುತ್ತವೆ, ಅದು ಹೆದ್ದಾರಿಯಲ್ಲಿ ಗೊತ್ತಾಗಬಾರದು. ವಾಂತಿಗೆ ಮರೋಪಿಟಾಂಟ್ ಕೇಳಿ. ಊಟವನ್ನು ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಮುಗಿಸಿ.

ಡಲ್ಲಾಸ್‌ನಿಂದ ಕೊಲರಾಡೋವನ್ನು ಒಂದೇ ದಿನದಲ್ಲಿ ಮುಟ್ಟುವ ಹಟ ಬೇಡ. 287ನೇ ಹೆದ್ದಾರಿಯಲ್ಲಿ ಹೋದರೆ ಕ್ವಾನಾ ಬಳಿಯ ಕಾಪರ್ ಬ್ರೇಕ್ಸ್ ಪಾರ್ಕ್ ಮೊದಲ ರಾತ್ರಿಗೆ ಸರಿಯಾದ ದೂರ. ಎರಡನೆಯದಕ್ಕೆ ಅಮರಿಲ್ಲೋ ಸುತ್ತಮುತ್ತ ನಿಲ್ಲಿ, ಮೂರನೆಯ ದಿನ ರಟೋನ್ ಘಾಟಿ ದಾಟಿ ಕೊಲರಾಡೋದ ಟ್ರಿನಿಡಾಡ್ ಸೇರಬಹುದು. ದಿನಕ್ಕೆ ನಾಲ್ಕೈದು ಗಂಟೆ ಸಾಕು. ಪೆಟ್ರೋಲ್ ಬಂಕು, ರೆಸ್ಟ್ ಏರಿಯಾಗಳಲ್ಲಿ ಯಾರಾದರೊಬ್ಬರು ಏಸಿ ಹಾಕಿದ ಪಿಕಪ್‌ನಲ್ಲೇ ಇರಬೇಕು. ಕ್ಯಾರಿಯರ್ ಬಾಗಿಲು ತೆರೆಯುವುದಿದ್ದರೆ ನಾಲ್ಕೂ ಬಾಗಿಲು ಲಾಕ್, ಕಿಟಕಿಗಳೂ ಪೂರ್ತಿ ಮುಚ್ಚಿರಲಿ. ಹೆಚ್ಚಿನ ಬೆಕ್ಕುಗಳು ಆರೆಂಟು ಗಂಟೆ ಉಚ್ಚೆ ತಡೆದುಕೊಂಡೇ ಇರುತ್ತವೆ, ಅದಕ್ಕೆ ಗಾಬರಿ ಬೇಡ.

ಜಾಗ ತಲುಪಿದ ಮೇಲೆ ಬೆಕ್ಕುಗಳು ತಂಪಾದ ಪಿಕಪ್‌ನಲ್ಲೇ ಇರಲಿ, ಇನ್ನೊಬ್ಬರು ಜೊತೆಗಿರಲಿ. ಟ್ರೇಲರ್ ಮಟ್ಟ ಮಾಡಿ, ಕರೆಂಟು ಜೋಡಿಸಿ, ಸ್ಲೈಡ್ ಚಾಚಿ, ಏಸಿ ಹಾಕಿ ಒಳಗೆ 75 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದ ಮೇಲೆ ಕಿಟಕಿ ಜಾಲರಿಗಳನ್ನೆಲ್ಲ ಒಮ್ಮೆ ಒತ್ತಿ ನೋಡಿ. ಆಮೇಲೆ ಕ್ಯಾರಿಯರ್‌ಗಳನ್ನು ಒಳಗೊಯ್ದು, ಬಾಗಿಲಿನ ಮೇಲಿನ ಬೋಲ್ಟನ್ನೂ ಹಾಕಿ, ಕೊನೆಗೆ ಕ್ಯಾರಿಯರ್ ಬಾಗಿಲು ತೆರೆಯಿರಿ. ಹೊರಡುವ ದಿನ ಇದು ತಿರುಗುಮುರುಗು: ಬೇರೆ ಯಾವ ಕೆಲಸಕ್ಕೂ ಮೊದಲು ಬೆಕ್ಕು ಹಿಡಿಯುವುದು. ಕುರ್ಚಿ ಮಡಚುವ, ಪೈಪು ಸುತ್ತುವ ಸದ್ದು ಕೇಳಿದೊಡನೆ ಅವಕ್ಕೆ ವಿಷಯ ತಿಳಿದುಹೋಗುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. 30 ಆಂಪ್ ಸಂಪರ್ಕದಲ್ಲಿ ಸಿಗುವುದು 3,600 ವಾಟ್. 13,500 ಬಿಟಿಯು ಏಸಿ ಸುಮಾರು 1,500 ವಾಟ್ ಎಳೆಯುತ್ತದೆ, ವಾಟರ್ ಹೀಟರ್‌ನ ಕರೆಂಟು ಕಾಯಿಲ್ 1,400ರ ಆಸುಪಾಸು. ಇವೆರಡರ ಜೊತೆ ಬ್ಯಾಟರಿ ಚಾರ್ಜರ್, ಫ್ರಿಜ್ ಸೇರಿ, ಏಸಿ ಶುರುವಾಗುವ ಕ್ಷಣದಲ್ಲಿ ಬ್ರೇಕರ್ ಬಿದ್ದರೆ ನೀವು ಬರುವವರೆಗೆ ಎಬ್ಬಿಸುವವರಿಲ್ಲ. ಆದ್ದರಿಂದ ಹೊರಡುವ ಮೊದಲು ವಾಟರ್ ಹೀಟರ್ ಆಫ್ ಮಾಡಿ ಅಥವಾ ಗ್ಯಾಸಿಗೆ ತಿರುಗಿಸಿ. ತುಂಬಿದ ಕ್ಯಾಂಪ್‌ಗ್ರೌಂಡ್‌ನಲ್ಲಿ ಮಧ್ಯಾಹ್ನ ಎಲ್ಲರ ಏಸಿ ಓಡುವಾಗ ವೋಲ್ಟೇಜ್ ಕುಸಿಯುತ್ತದೆ. ಅದು 104 ವೋಲ್ಟ್‌ನ ಕೆಳಗಿಳಿದರೆ ಕಂಪ್ರೆಸರ್‌ಗೆ ಪೆಟ್ಟು, ಹಾಗಾಗಿ ಕಾವಲಿಗೆ ಹಾಕಿದ ವಿದ್ಯುತ್ ರಕ್ಷಕವೇ ಕರೆಂಟು ಕಡಿಯುತ್ತದೆ. ಅದು ಸರಿಯಾದ ಕೆಲಸವೇ, ಬೆಕ್ಕಿಗೆ ಮಾತ್ರ ಏಸಿ ಇಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಏಸಿ ಓಡುತ್ತಿರುವಾಗ ಟ್ರೇಲರಿಗೆ ಹೋಗುವ ಬ್ರೇಕರನ್ನು ಐದು ನಿಮಿಷ ಆರಿಸಿ, ಮತ್ತೆ ಹಾಕಿ. ಏಸಿ ತಾನಾಗಿ ಶುರುವಾಯಿತೇ, ಇಲ್ಲ ಥರ್ಮೋಸ್ಟಾಟ್ ಆಫ್ ಆಗಿಯೇ ಕೂತಿತೇ? ಎರಡನೆಯದಾದರೆ ಮಧ್ಯಾಹ್ನದ ಗುಡುಗುಮಳೆಯಲ್ಲಿ ಒಂದು ಕ್ಷಣ ಕರೆಂಟು ಹೋಗಿ ಬಂದರೂ ಅಂದಿನ ಏಸಿ ಅಲ್ಲಿಗೆ ಮುಗಿಯಿತು. ಮೊಬೈಲ್ ಸಿಗ್ನಲ್ ಮೇಲೆ ನಡೆಯುವ ಉಷ್ಣಾಂಶ ಅಲಾರ್ಮ್ ಇಟ್ಟುಕೊಳ್ಳಿ, 80 ಡಿಗ್ರಿಗೆ ಮತ್ತು ಕರೆಂಟು ಹೋದಾಗ ಸಂದೇಶ ಬರಲಿ. ಕ್ಯಾಂಪ್‌ಗ್ರೌಂಡ್ ವೈಫೈ ನಂಬಿದ ಅಲಾರ್ಮ್ ಬೇಡ. ಕರೆಂಟು ಹೋದರೆ ವೈಫೈಯೂ ಹೋಗುತ್ತದೆ. ಆದರೆ ನಿಮ್ಮ ಫೋನಿಗೇ ಸಿಗ್ನಲ್ ಇಲ್ಲದ ಬೆಟ್ಟದ ಹಾದಿಯಲ್ಲಿ ಸಂದೇಶ ಯಾರಿಗೆ ಬರುತ್ತದೆ? ಹಾಗಾಗಿ ನಾನು ಹೇಳುವ ಲೆಕ್ಕ ಇಷ್ಟೇ. 12 ವೋಲ್ಟ್ ಬ್ಯಾಟರಿಯಿಂದ ಓಡುವ, ಥರ್ಮೋಸ್ಟಾಟ್ ಇರುವ ಚಾವಣಿ ಫ್ಯಾನ್ ಹಾಕಿಸಿ, ಭದ್ರ ಜಾಲರಿಯ ಕಿಟಕಿಗಳನ್ನು ಸ್ವಲ್ಪ ತೆರೆದರೆ ಒಳಗಿನ ಸೆಕೆ ಹೊರಗಿನದಕ್ಕಿಂತ ಬಹಳ ಏರದು. ನೆರಳಿನ ಜಾಗದಲ್ಲಿ, ಹೊರಗೆ 75ರ ಒಳಗೇ ಇರುವ ದಿನ ಬೆಕ್ಕುಗಳನ್ನು ಬಿಟ್ಟು ಹೋಗಿ. ಕೊಲರಾಡೋದ ಎತ್ತರದಲ್ಲಿ ಜೂನ್‌ನಲ್ಲೂ ಅಂಥ ದಿನಗಳು ಸಿಗುತ್ತವೆ. ಕಣಿವೆಯ ತಳದಲ್ಲಿ 100 ಡಿಗ್ರಿ ದಾಟುವ, ಅಮರಿಲ್ಲೋ ಬಳಿಯ ಪಾಲೋ ಡೂರೋದಲ್ಲಿ ಏಸಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಹೋಗಬೇಡಿ. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ತುರ್ತು ಸ್ಥಿತಿ: ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೋಯಿಸಿ, ಫ್ಯಾನ್ ಗಾಳಿ ಹಾಯಿಸುತ್ತಾ ಆಸ್ಪತ್ರೆಗೆ ಹೊರಡಿ. ಐಸ್ ಬೇಡ. ಕೆಲವು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಪ್ರಾಣಿಗಳನ್ನು ಒಂಟಿಯಾಗಿ ಬಿಡುವುದಕ್ಕೇ ನಿಷೇಧವಿದೆ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಲಿಟರ್ ಬಾಕ್ಸಿಗೆ ಶವರ್ ತೊಟ್ಟಿ ಒಳ್ಳೆಯ ಜಾಗ, ಚೆಲ್ಲಿದ್ದನ್ನು ಗುಡಿಸುವುದು ಸುಲಭ. ಎರಡು ಬೆಕ್ಕಿಗೆ ಎರಡು ಬಾಕ್ಸ್ ಇಡಲು ಜಾಗವಿಲ್ಲದಿದ್ದರೆ ಎತ್ತರ ಅಂಚಿನ ದೊಡ್ಡದೊಂದನ್ನಿಟ್ಟು ದಿನಕ್ಕೆರಡು ಸಲ ಕೊಳೆ ತೆಗೆಯಿರಿ. ಈ ಪ್ರಯಾಣದಲ್ಲಿ ಲಿಟರ್ ಬ್ರ್ಯಾಂಡ್ ಬದಲಿಸಬೇಡಿ. ‘ಫ್ಲಶ್ ಮಾಡಬಹುದು’ ಎಂದು ಬರೆದಿದ್ದರೂ ಯಾವ ಲಿಟರನ್ನೂ ಟ್ರೇಲರಿನ ಶೌಚದ ಬ್ಲ್ಯಾಕ್ ಟ್ಯಾಂಕಿಗೆ ಹಾಕಬೇಡಿ. ಗಟ್ಟಿಯಾಗುವ ಜೇಡಿಯಂತೂ ತಳದಲ್ಲಿ ಸಿಮೆಂಟಿನಂತೆ ಕೂರುತ್ತದೆ.

ಆರೋಗ್ಯದಲ್ಲಿ ನಿಮ್ಮ ಗಂಡುಬೆಕ್ಕಿನ ಮೇಲೆ ವಿಶೇಷ ಕಣ್ಣಿಡಿ. ಗಾಬರಿಯಿಂದ ಮೂತ್ರಕೋಶ ಉರಿಗೊಂಡು ಗಂಡುಬೆಕ್ಕಿನ ಕಿರಿದಾದ ಮೂತ್ರನಾಳ ಕಟ್ಟಿಕೊಳ್ಳಬಹುದು. ಬಾಕ್ಸಿಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಾ ಒಂದು ಹನಿಯೂ ಬಾರದಿದ್ದರೆ ಮಲಬದ್ಧತೆ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿ, ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ತಂಗುವ ಪ್ರತಿ ಊರಿನ ಹತ್ತಿರದ 24 ಗಂಟೆಯ ಪಶು ಆಸ್ಪತ್ರೆಯ ನಂಬರನ್ನು ಹೊರಡುವ ಮೊದಲೇ ಬರೆದಿಡಿ. ನೀರು ಹೆಚ್ಚು ಹೋಗಲೆಂದು ಒದ್ದೆ ಆಹಾರ ಕೊಡಿ. ಎರಡು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ಸೇರುವ ಅಪಾಯವಿದೆ.

ಟೆಕ್ಸಸ್, ಒಕ್ಲಹೋಮಾ ಭಾಗದ ಲೋನ್ ಸ್ಟಾರ್ ಎಂಬ ಉಣ್ಣೆಹುಳು ಹರಡುವ ಸೈಟಾಕ್ಸ್‌ಝೂನ್ ರೋಗ ಬೆಕ್ಕುಗಳಿಗೆ ಬಹಳ ಸಲ ಮಾರಕ. ಕೊಲರಾಡೋ, ನ್ಯೂ ಮೆಕ್ಸಿಕೋಗಳ ಪ್ರೇರಿ ನಾಯಿ (ಬಿಲದಲ್ಲಿ ಬಾಳುವ ಅಳಿಲಿನ ಜಾತಿ) ಮತ್ತು ಇಲಿಗಳ ಚಿಗಟಗಳಲ್ಲಿ ಪ್ಲೇಗ್ ಇಂದಿಗೂ ಇದೆ. ಬೆಕ್ಕಿಗೆ ಅದು ಸುಲಭವಾಗಿ ತಗಲುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಬರುತ್ತದೆ. ಆದ್ದರಿಂದ ಉಣ್ಣೆ ಮತ್ತು ಚಿಗಟದ ಔಷಧಿ ಹಾಕಿಸದೆ ಹೊರಡಬೇಡಿ, ಅದು ಬೆಕ್ಕಿನದೇ ಆಗಿರಬೇಕು. ನಾಯಿಗಳ ಔಷಧಿಯಲ್ಲಿರುವ ಪರ್ಮೆತ್ರಿನ್ ಬೆಕ್ಕಿಗೆ ವಿಷ. ನೀವು ಶೂ, ಪ್ಯಾಂಟಿಗೆ ಅದನ್ನು ಸಿಂಪಡಿಸುವುದಿದ್ದರೆ ಪೂರ್ತಿ ಒಣಗುವವರೆಗೆ ಹೊರಗಿಡಿ. ಚಳಿಗಾಲದಲ್ಲಿ ಟ್ರೇಲರ್ ಪೈಪುಗಳಿಗೆ ತುಂಬುವ ಗುಲಾಬಿ ಬಣ್ಣದ ದ್ರವದಲ್ಲಿ ಹೆಚ್ಚಾಗಿ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ. ನಾಯಿಗೆ ಅಷ್ಟು ತೊಂದರೆ ಕೊಡದ ಅದು ಬೆಕ್ಕಿನ ಕೆಂಪು ರಕ್ತಕಣ ಕೆಡಿಸುತ್ತದೆ, ಅಮೆರಿಕದಲ್ಲಿ 1996ರಿಂದ ಬೆಕ್ಕಿನ ಆಹಾರದಲ್ಲಿ ಅದನ್ನು ನಿಷೇಧಿಸಿದ್ದಾರೆ. ಸಿಂಕು, ಶವರುಗಳ ತೂಬಿನಲ್ಲಿ ಉಳಿದದ್ದನ್ನು ಚೆನ್ನಾಗಿ ತೊಳೆದು ಹರಿಸಿ. ಅದೇ ರೀತಿ ರಕ್ತಕಣಕ್ಕೆ ಏಟು ಕೊಡುವ ಇನ್ನೊಂದು ವಸ್ತು ನಮ್ಮ ಅಡುಗೆಯಲ್ಲೇ ಇದೆ: ಈರುಳ್ಳಿ, ಬೆಳ್ಳುಳ್ಳಿ. ಟ್ರೇಲರ್‌ನ ಅಂಗೈಯಗಲದ ಕಟ್ಟೆಯ ಮೇಲೆ ಹುಳಿ, ಪಲ್ಯ ಮುಚ್ಚದೆ ಇಡಬೇಡಿ.

ರೇಬೀಸ್ ಲಸಿಕೆಯ ಪತ್ರ ಮತ್ತು ಪಶುವೈದ್ಯರ ಆರೋಗ್ಯ ಪತ್ರ ಕಾಗದದಲ್ಲೇ ಇರಲಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರಾಣಿಗಳಿಗೆ ಆರಡಿಗಿಂತ ಉದ್ದದ ಹಗ್ಗ ಇಲ್ಲ, ರಾಕಿ ಮೌಂಟನ್ ಉದ್ಯಾನದ ಚಾರಣದ ಹಾದಿಗಳಿಗೆ ಅವಕ್ಕೆ ಪ್ರವೇಶವೇ ಇಲ್ಲ. ಇವೆರಡೂ ಮನೆಬೆಕ್ಕುಗಳು, ಹೊರಗೆ ಕರೆದೊಯ್ಯದಿದ್ದರೆ ಅವಕ್ಕೇನೂ ನಷ್ಟವಿಲ್ಲ, ಕಿಟಕಿಯೇ ಸಾಕು. ಆದರೂ ಮೈಗೊಪ್ಪುವ ಹಾರ್ನೆಸ್ (ಮೈಗೆ ಕಟ್ಟುವ ಪಟ್ಟಿ) ಹಾಕಿಕೊಳ್ಳುವುದನ್ನು ಕಲಿಸಿಡಿ, ಹಿಡಿಯಲು ಹಿಡಿಕೆಯಾಗುತ್ತದೆ. ಮೈಕ್ರೋಚಿಪ್‌ನಲ್ಲಿರುವ ಫೋನ್ ನಂಬರ್ ಈಗಿನದೇ ಎಂದು ನೋಡಿ. ಇರುವ ಜಾಗ ತಿಳಿಸುವ ಏರ್‌ಟ್ಯಾಗ್ ಬಿಲ್ಲೆ ಕೆಲಸ ಮಾಡುವುದು ಸುತ್ತ ಐಫೋನುಗಳಿದ್ದರೆ ಮಾತ್ರ, ಕಾಡಿನಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಇಷ್ಟಾಗಿಯೂ ಬೆಕ್ಕು ಹೊರಗೆ ಹಾರಿದರೆ ಅಟ್ಟಿಸಿಕೊಂಡು ಓಡಬೇಡಿ, ಹೆಸರು ಹಿಡಿದು ಕಿರುಚಬೇಡಿ. ಮನೆಬೆಕ್ಕು ದೂರ ಹೋಗುವುದು ಅಪರೂಪ. ಮೊದಲು ಸಿಕ್ಕ ಕತ್ತಲಿನಲ್ಲಿ, ಹೆಚ್ಚಾಗಿ ಅಕ್ಕಪಕ್ಕದ ಟ್ರೇಲರ್‌ಗಳ ಅಡಿಯಲ್ಲೋ ಪೊದೆಯಲ್ಲೋ, ಸದ್ದಿಲ್ಲದೆ ಮುದುರಿಕೊಳ್ಳುತ್ತದೆ. ಕ್ಯಾಂಪ್‌ಗ್ರೌಂಡ್ ನೋಡಿಕೊಳ್ಳುವವರಿಗೆ ಹೇಳಿ, ಕತ್ತಲಾಗಿ ಜನರ ಓಡಾಟ ನಿಂತ ಮೇಲೆ ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದು ನೆಲಕ್ಕೆ ಬಾಗಿ ಹುಡುಕಿ, ಕಣ್ಣುಗಳು ಹೊಳೆಯುತ್ತವೆ. ಬಾಗಿಲ ಬಳಿ ಅದರ ಹಾಸು ಹಾಕಿದ ಕ್ಯಾರಿಯರ್ ತೆರೆದಿಡಿ. ಆಹಾರವಿಟ್ಟ ಬೋನು ಇಡುವುದಾದರೆ ಪಕ್ಕದಲ್ಲೇ ಯಾರಾದರೂ ಎಚ್ಚರವಿರಬೇಕು: ಕೊಲರಾಡೋ ಕರಡಿಗಳ ನಾಡು, ಪ್ರಾಣಿಗಳ ಆಹಾರವನ್ನೂ ಹೊರಗೆ ಬಿಡುವಂತಿಲ್ಲ. ಮುಂದಿನ ಊರಿನ ಬುಕಿಂಗ್ ಹೋದರೆ ಹೋಗಲಿ, ಬೆಕ್ಕು ಸಿಗುವವರೆಗೆ ಟ್ರೇಲರನ್ನು ಆ ಜಾಗದಿಂದ ಕದಲಿಸಬೇಡಿ. ವಾಪಸು ಬರಲು ಅದಕ್ಕೆ ಗೊತ್ತಿರುವ ವಾಸನೆ ಅದೊಂದೇ.